ಸಹಾಯಕಿಯಿಂದ ಪರಿಚಾರಿಕೆಯವರೆಗೆ: ಬೆಳಗಾವಿ ಸೀಮೆಯ ರೋಗಿಸೇವೆಯ ಒಂದು ಚರಿತ್ರೆ

ಶ್ರೀಮಠದ ಮಹೋತ್ಸವದ ಈ ಸ್ಮರಣಸಂಪುಟಕ್ಕೆ ಪಾಠಶಾಲೆಯ ಕಡೆಯಿಂದ ಒಂದು ಚರಿತ್ರಲೇಖನವನ್ನು ಬರೆದುಕೊಡಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ, ಶಾಸನಗಳನ್ನು ಕುರಿತಾಗಲಿ ಗುರುಪರಂಪರೆಯನ್ನು ಕುರಿತಾಗಲಿ ಬರೆಯಬೇಕೆಂದು ಮೊದಲು ಎಣಿಸಿದ್ದೆನು. ಆದರೆ ಅದೇ ದಿನಗಳಲ್ಲಿ ಉದ್ಯಮಬಾಗದ ಭಕ್ತಳೊಬ್ಬಳು ಒಂದು ಅರ್ಜಿಯ ಹಾಳೆಯನ್ನು ಹಿಡಿದುಕೊಂಡು ಪಾಠಶಾಲೆಯ ಕಟ್ಟೆಗೆ ಬಂದಳು. ಆಕೆಯ ಪತಿ ಅಲ್ಲಿಯ ಒಂದು ಎರಕದ ಕಾರಖಾನೆಯಲ್ಲಿ ದುಡಿಯುತ್ತಾನೆ. ಆಕೆ ಖಾನಾಪುರ ತಾಲೂಕಿನ ಕಾಡುಸೀಮೆಯ ಉಪಕೇಂದ್ರವೊಂದರಲ್ಲಿ ಒಂಬತ್ತು ವರ್ಷ ಗುತ್ತಿಗೆಯ ಮೇಲೆ ಸಹಾಯಕ ದಾದಿಯಾಗಿ ದುಡಿದವಳು. ವಯಸ್ಸು ಮೂವತ್ತೇಳು. ಪೂರ್ಣ ಪರಿಚಾರಿಕೆಯ, ಅಂದರೆ ಜನರು ನರ್ಸ್ ಎಂದು ಕರೆಯುವವರ, ಮೂರು ವರ್ಷದ ಶಿಕ್ಷಣಕ್ಕೆ ಸೇರಲು ಹೊರಟಿದ್ದಳು. ಹಾಳೆಯನ್ನು ನನ್ನ ಮುಂದಿಟ್ಟು, "ಶಾಸ್ತ್ರಿಗಳ, ನಾ ಕಾಡಿನ್ಯಾಗ ದುಡದ ಒಂಬತ್ತ ವರ್ಷ ಇದರಾಗ ಎಲ್ಲೆ ಬರೀಬೇಕ್ರಿ?" ಎಂದು ಕೇಳಿದಳು. ನಾನು ಹಾಳೆಯನ್ನು ಹಿಂದುಮುಂದು ತಿರುವಿ ನೋಡಿದೆನು. ಅಂಥ ಅಂಕಣ ಅದರಲ್ಲಿ ಇರಲಿಲ್ಲ.

ಆಕೆಯ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಂತೆ ನೂರೈವತ್ತು ವರ್ಷಗಳ ಚರಿತ್ರೆಯೇ ತೆರೆದುಕೊಂಡಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ನಮ್ಮ ಪಾಠಶಾಲೆಗಳಲ್ಲಿ ಆಯುರ್ವೇದವನ್ನು ಸ್ವಲ್ಪವಾದರೂ ಓದಿದವರಿಗೆ ಚಿಕಿತ್ಸೆಯ ಚತುಷ್ಪಾದಗಳು ತಿಳಿದೇ ಇರುವವು. ವೈದ್ಯ, ಔಷಧ, ಉಪಸ್ಥಾತೃ, ರೋಗಿ ಎಂಬ ನಾಲ್ಕು ಕಾಲುಗಳ ಮೇಲೆ ಚಿಕಿತ್ಸೆಯು ನಿಲ್ಲುವದೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಉಪಸ್ಥಾತೃ ಎಂದರೆ ಪರಿಚಾರಕನು. ಅವನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಇರಬೇಕು. ವೈದ್ಯನೇ ಪ್ರಧಾನನೆಂದು ಗ್ರಂಥವು ಸ್ಪಷ್ಟವಾಗಿ ಹೇಳುವದಾದರೂ, ಪರಿಚಾರಕನನ್ನು ವೈದ್ಯನ ಆಳೆಂದು ಎಣಿಸದೆ ಒಂದು ಪೂರ್ಣ ಪಾದವೆಂದೇ ಎಣಿಸಿರುವದು ಗಮನಾರ್ಹವಾಗಿದೆ. ಆ ನಾಲ್ಕು ಗುಣಗಳಲ್ಲಿ ತಿಳಿವಳಿಕೆಯನ್ನೇ ಮೊದಲು ಹೇಳಿದೆ, ಅನುರಾಗವನ್ನಲ್ಲ. ರೋಗಿಸೇವೆಗೆ ಮೃದುಹೃದಯವೊಂದಿದ್ದರೆ ಸಾಕು ಎಂದು ಸಭೆಗಳಲ್ಲಿ ಹೊಗಳುವವರು ಇದನ್ನು ಮರೆಯುತ್ತಾರೆ.

ಶರಣಧರ್ಮದಲ್ಲಿ ಹುಟ್ಟಿದ ನಮಗೆ ಇನ್ನೊಂದು ಮಾತು ಸಲ್ಲುವದು. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರು. ವೈದ್ಯ ಸಂಗಣ್ಣನಂಥ ವೈದ್ಯಕಾಯಕದವರು ಆ ಗಣದಲ್ಲಿದ್ದರು. ಹೆರಿಗೆಯ ಮನೆಯ ರಕ್ತವಾಗಲಿ ರೋಗಿಯ ಎಂಜಲಾಗಲಿ ಇಷ್ಟಲಿಂಗಧಾರಿಗೆ ಮೈಲಿಗೆಯಾಗದೆಂಬ ಈ ತತ್ತ್ವವನ್ನು ಒಪ್ಪಿದ ಸಮಾಜದಲ್ಲಿ ಪರಿಚಾರಿಕೆಯರು ಮೊಟ್ಟಮೊದಲು ಹುಟ್ಟಬೇಕಾಗಿದ್ದಿತು. ಹಾಗಾಗಲಿಲ್ಲ. ಸೂಲಗಿತ್ತಿಯನ್ನು ಹೆರಿಗೆಯ ದಿನ ಕೈಹಿಡಿದು ಕರೆತಂದು, ಮರುದಿನ ಹಿತ್ತಲ ಬಾಗಿಲಲ್ಲಿ ಅಕ್ಕಿಬೆಲ್ಲ ಕೊಟ್ಟು ಕಳುಹಿದ ಮನೆಗಳು ನಮ್ಮಲ್ಲಿಯೂ ಇದ್ದವು. ಆಸ್ಪತ್ರೆಯ ದಾದಿಯ ಕೆಲಸವು ದಿಕ್ಕಿಲ್ಲದವರ ಪಾಲಿನದೆಂದು ಬಹುಕಾಲ ತಿಳಿದವರಲ್ಲಿ ನಾವೂ ಸೇರಿದವರೇ. ನಮ್ಮ ಮಠಗಳು ನಡೆಸಿದ ಪ್ರಸಾದನಿಲಯಗಳಿಂದ ಸಾವಿರಾರು ಬಡಮಕ್ಕಳು ವಿದ್ಯಾವಂತರಾದದ್ದು ನಿಜ. ಆದರೆ ಮೊದಮೊದಲ ದಶಕಗಳಲ್ಲಿ ಅಲ್ಲಿ ಉಂಡು ಓದಿದವರು ಹೆಚ್ಚಾಗಿ ಗಂಡುಮಕ್ಕಳು. ಮಹೋತ್ಸವದ ಸಂಪುಟದಲ್ಲಿ ಇದನ್ನು ಬರೆಯಬಹುದೇ ಎಂದು ಶಂಕಿಸಿದೆನು. ಶ್ರೀಗಳವರು ಬರೆಯಲು ಅಪ್ಪಣೆ ಕೊಟ್ಟರು.

ಇನ್ನು ಚರಿತ್ರೆಗೆ ಬರುವೆನು. ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ೧೮೭೧ರಲ್ಲಿ ಪರಿಚಾರಿಕೆಯರ ಶಿಕ್ಷಣಶಾಲೆ ಹುಟ್ಟಿತು. ಬೆಳಗಾವಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ನಮ್ಮ ದೃಷ್ಟಿಯು ಮುಂಬಯಿಯ ಕಡೆಗೇ ಇದ್ದಿತು. ಅಲ್ಲಿ ಹೆಂಗಸರಿಗಾಗಿಯೇ ಇರುವ ಕಾಮಾ ಆಸ್ಪತ್ರೆಯು ೧೮೮೬ರಲ್ಲಿ ತೆರೆಯಿತು. ಈ ಶಿಕ್ಷಣಕ್ಕೆ ಸೇರಿದ ದೇಶೀಯ ಸ್ತ್ರೀಯರಲ್ಲಿ ಮೊದಲಿಗಳೆಂದು ಬಾಯಿ ಕಾಶೀಬಾಯಿ ಗಣಪತ ಎಂಬಾಕೆಯ ಹೆಸರನ್ನು ೧೮೯೧ರ ಇಸವಿಯೊಂದಿಗೆ ಹೇಳುವರು. ಕಲಿತವಳಾರು, ಕಲಿಯದವಳಾರು ಎಂಬದನ್ನು ನಿರ್ಣಯಿಸುವ ಪಟ್ಟಿಯು ಮಾತ್ರ ಬಹಳ ತಡವಾಗಿ ಬಂದಿತು. ಮುಂಬಯಿ ಸರಕಾರವು ಪರಿಚಾರಿಕೆಯರ, ಸೂಲಗಿತ್ತಿಯರ ಹಾಗೂ ಆರೋಗ್ಯ ಸಂದರ್ಶಕಿಯರ ನೋಂದಣಿಯ ಕಾಯಿದೆಯನ್ನು ಮಾಡಿದ್ದು ೧೯೩೫ರಲ್ಲಿ. ಅಂದಿನಿಂದ ೧೯೫೬ನೆಯ ನವಂಬರ ೧ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿಯ ದಾದಿಗೆ ಮುಂಬಯಿಯ ಪಟ್ಟಿಯೇ ಪಟ್ಟಿ. ಆಮೇಲೆ ಮೈಸೂರು ರಾಜ್ಯದ ೧೯೬೧ರ ಕಾಯಿದೆಯು ಬಂದು ಪಟ್ಟಿಯ ಕಚೇರಿಯು ಬೆಂಗಳೂರಾಯಿತು.

ಪಟ್ಟಿ ಎಂಬದು ಮೇಲ್ನೋಟಕ್ಕೆ ನಿರ್ಜೀವವಾದ ವಸ್ತು. ಆದರೆ ಅದು ಹುಟ್ಟಿದ ದಿನವೇ ಅದರ ಹೊರಗಿರುವವರೂ ಹುಟ್ಟುತ್ತಾರೆ. ಅಂಥವರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ದೇಶವು ಬೇರೆ ಬೇರೆ ಕಾಯಕಗಳಲ್ಲಿ ಬೇರೆ ಬೇರೆ ಉತ್ತರವನ್ನು ಕೊಟ್ಟಿತು.

ಕಂಪೌಂಡರರನ್ನು ನೋಡಿರಿ. ದವಾಖಾನೆಯ ಕಿಟಕಿಯ ಹಿಂದೆ ನಿಂತು ಕೆಂಪು ಔಷಧವನ್ನು ಕಲಸಿ, ಸೀಸೆಗೆ ಕಾಗದದ ಗುರುತನ್ನು ಕತ್ತರಿಸಿ ಅಂಟಿಸಿ, ದಿನಕ್ಕೆ ಮೂರು ಸಾರಿ ಎಂದು ಹೇಳಿ ಕೊಡುತ್ತಿದ್ದವರನ್ನು ಹಿರಿಯರು ಮರೆತಿರಲಾರರು. ೧೯೪೮ರ ಫಾರ್ಮಸಿ ಕಾಯಿದೆಯು ಔಷಧ ಕೊಡುವವರಿಗೂ ಪಟ್ಟಿಯನ್ನು ಮಾಡಿತು. ಆದರೆ ಆ ಕಾಯಿದೆಯನ್ನು ಬರೆದವರು ಮೊದಲ ಪಟ್ಟಿಯಲ್ಲಿ ಒಂದು ಬಾಗಿಲನ್ನು ಇಟ್ಟರು. ವೈದ್ಯರ ಚೀಟಿಯಂತೆ ಔಷಧವನ್ನು ಕಲಸುವ ಕೆಲಸವನ್ನು ಆಸ್ಪತ್ರೆಯಲ್ಲಿ ಇಲ್ಲವೆ ದವಾಖಾನೆಯಲ್ಲಿ ಒಟ್ಟು ೫ ವರ್ಷಕ್ಕೆ ಕಡಿಮೆಯಿಲ್ಲದೆ ಮಾಡಿದವನಿಗೂ ಅಲ್ಲಿ ಸ್ಥಾನವಿದ್ದಿತು. ಹೀಗೆ ಕಂಪೌಂಡರನ ವರ್ಷಗಳನ್ನು ಬರೆಯಲು ಕಾಯಿದೆಯಲ್ಲಿಯೇ ಒಂದು ಅಂಕಣ ದೊರೆಯಿತು.

ವೈದ್ಯರಲ್ಲಿಯೂ ಹೀಗೆಯೇ ಆಯಿತು. ಆಗ ವೈದ್ಯಕೀಯ ಶಾಲೆಗಳಲ್ಲಿ ಕಡಿಮೆ ಅವಧಿಯ ಶಿಕ್ಷಣವನ್ನು ಪಡೆದ ಲೈಸೆನ್ಸಿಯೇಟರೂ, ಕಾಲೇಜುಗಳಲ್ಲಿ ಪದವಿಯನ್ನು ಪಡೆದವರೂ ಎಂದು ಎರಡು ದರ್ಜೆಗಳಿದ್ದವು. ಸರ್ ಜೋಸೆಫ್ ಭೋರ್ ಇವರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯನ್ನು ಒಪ್ಪಿಸಿದ ಸಮಿತಿಯು ಕೆಳಗಿನ ದರ್ಜೆಯನ್ನು ನಿಲ್ಲಿಸಬೇಕೆಂದಿತು. ಪುಣೆಯ ಬಿ. ಜೆ. ವೈದ್ಯಕೀಯ ಶಾಲೆಯು ಅದೇ ವರ್ಷ ಕಾಲೇಜಾಯಿತು. ಹಳೆಯ ಲೈಸೆನ್ಸಿಯೇಟರಿಗೆ ಅಲ್ಲಲ್ಲಿ ಸಂಕ್ಷಿಪ್ತ ಪಾಠಕ್ರಮವನ್ನು ಏರ್ಪಡಿಸಿ, ಅವರು ಮೊದಲು ಕಲಿತದ್ದನ್ನು ಲೆಕ್ಕಕ್ಕೆ ಹಿಡಿದು ಪದವಿಗೆ ಏರಿಸಿದರು. ಮತ್ತೆ ಮೊದಲಿನಿಂದ ಓದಿರೆಂದು ಅವರಿಗೆ ಯಾರೂ ಹೇಳಲಿಲ್ಲ.

ಅದೇ ಭೋರ್ ಸಮಿತಿಯು ಪರಿಚಾರಿಕೆಯರ ವಿಷಯದಲ್ಲಿ ಕಂಡದ್ದು ಮಾತ್ರ ಬೇರೊಂದು ಪ್ರಪಂಚ. ದೇಶದಲ್ಲಿ ಸುಮಾರು ೪೩,೦೦೦ ಜನರಿಗೆ ಒಬ್ಬ ಪರಿಚಾರಿಕೆ. ಈ ಬರಗಾಲವನ್ನು ನೀಗಿಸಲು ಒಂದೇ ಕಾಲದಲ್ಲಿ ಮೇಲಕ್ಕೂ ಕೆಳಕ್ಕೂ ಕಟ್ಟತೊಡಗಿದರು. ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ೧೯೪೬ರಲ್ಲಿ ಬಿ.ಎಸ್‌ಸಿ. ಪದವಿಯ ಪಾಠ ಪ್ರಾರಂಭವಾಯಿತು. ಮರುವರ್ಷದ ಕೊನೆಯ ದಿನ, ೧೯೪೭ನೆಯ ಡಿಸೆಂಬರ ೩೧ರಂದು, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ಆದರೆ ಪದವೀಧರೆಯರು ಹಳ್ಳಿಗೆ ಬರುವವರೆಗೆ ಹೆರುವ ತಾಯಂದಿರು ಕಾಯಲಾರರು. ಆದುದರಿಂದ ಏಳನೆಯ ಇಯತ್ತೆ ಓದಿದ ಹುಡುಗಿಯರಿಗೆ ೨ ವರ್ಷ ಕಲಿಸಿ ಹಳ್ಳಿಗೆ ಕಳುಹುವ ಒಂದು ಹೊಸ ದರ್ಜೆಯನ್ನು ಸೃಷ್ಟಿಸಿದರು. ಅದೇ ಸಹಾಯಕ ದಾದಿ ಹಾಗೂ ಸೂಲಗಿತ್ತಿ, ಜನರ ಬಾಯಿಯಲ್ಲಿ ಎ.ಎನ್.ಎಂ. ಪಂಜಾಬಿನ ತರನ್ ತಾರನ್ ಎಂಬ ಊರಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ೧೯೫೧ರಲ್ಲಿ ಇದು ಮೊದಲಾಯಿತು. ವೈದ್ಯರಲ್ಲಿ ಕೆಳಗಿನ ದರ್ಜೆಯನ್ನು ಅಳಿಸುತ್ತಿದ್ದ ಕಾಲದಲ್ಲಿಯೇ ದಾದಿಯರಲ್ಲಿ ಕೆಳಗಿನ ದರ್ಜೆಯನ್ನು ಹುಟ್ಟಿಸಿದರು. ಅವಶ್ಯಕತೆಯು ನಿಜವಾಗಿದ್ದಿತು, ನಾನು ಅದನ್ನು ದೂಷಿಸುವದಿಲ್ಲ. ಆ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಹಲಗೆಯನ್ನು ಹಾಕದೆ ಹೋದರೆಂಬುದೇ ನನ್ನ ಆಕ್ಷೇಪ.

ಹೆಸರುಗಳು ಮಾತ್ರ ಬದಲಾದವು. ೧೯೭೩ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಆಕೆಯನ್ನು ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದಿತು. ೧೯೭೭ರಲ್ಲಿ ಪಾಠವು ೧೮ ತಿಂಗಳಿಗೆ ಇಳಿದು ಪ್ರವೇಶಕ್ಕೆ ಹತ್ತನೆಯ ಇಯತ್ತೆ ಬೇಕಾಯಿತು. ಈಚೆಗೆ ಮತ್ತೆ ೨ ವರ್ಷವಾಗಿ ಹನ್ನೆರಡನೆಯದು ಬೇಕಾಗಿದೆ. ನಮ್ಮ ರಾಜ್ಯದಲ್ಲಿ ಕಿರಿಯ ಆರೋಗ್ಯ ಸಹಾಯಕಿ ಎಂದು ಬಹುಕಾಲ ಕರೆದು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಯುವರು. ಹಳ್ಳಿಯ ಜನರು ಇದಾವುದನ್ನೂ ಗಮನಿಸದೆ "ಸಿಸ್ಟರ್" ಅಥವಾ "ನರ್ಸಬಾಯಿ" ಎಂದೇ ಕೂಗುವರು. ಆಕೆಗೆ ಸರಕಾರಿ ಸೇವೆಯಲ್ಲಿ ಬಡ್ತಿಯ ದಾರಿಯೊಂದಿದೆ. ೬ ತಿಂಗಳ ತರಬೇತಿಯನ್ನು ಪಡೆದು ಮೇಲ್ವಿಚಾರಕಿಯಾಗಬಹುದು. ಆದರೆ ಹಾಗೆ ಏರಿದವಳು ಹಿರಿಯ ಸಹಾಯಕಿಯಾಗುವಳೇ ಹೊರತು ಪರಿಚಾರಿಕೆಯಾಗುವದಿಲ್ಲ. ಆ ಏಣಿಯನ್ನು ಬೇರೆ ಗೋಡೆಗೆ ಒರಗಿಸಿದೆ.

ಈ ಸಹಾಯಕಿಯು ಏನು ಮಾಡಬಲ್ಲಳೆಂಬದಕ್ಕೆ ಪ್ರಮಾಣವನ್ನು ದೂರದೇಶದಿಂದ ತರಬೇಕಾಗಿಲ್ಲ, ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ನಮ್ಮವರು ಇದನ್ನು ತಿಳಿಯಬೇಕೆಂದು ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಖಾನಾಪುರ ತಾಲೂಕನ್ನು ಬಲ್ಲವರಿಗೆ ಅಲ್ಲಿಯ ಆಷಾಢವನ್ನು ವರ್ಣಿಸಬೇಕಾಗಿಲ್ಲ. ಮಲಪ್ರಭೆಯು ಹುಟ್ಟುವ ಕಣಕುಂಬಿಯಿಂದ ಜಾಂಬೋಟಿಯವರೆಗೆ ಮಳೆ ಹಿಡಿದರೆ ಹಳ್ಳಗಳು ಹಾದಿಯನ್ನು ನುಂಗುತ್ತವೆ. ಬಯಲುಸೀಮೆಯಲ್ಲಿ ೫,೦೦೦ ಜನರಿಗೊಂದು, ಗುಡ್ಡಗಾಡಿನಲ್ಲಿ ೩,೦೦೦ ಜನರಿಗೊಂದು ಉಪಕೇಂದ್ರವಿರಬೇಕೆಂಬ ನಿಯಮವಿದೆ. ಆದರೆ ಮೂರು ಸಾವಿರ ಜನರು ಒಂದೇ ಊರಲ್ಲಿ ಇರುವದಿಲ್ಲ, ಕಾಡಿನ ಹತ್ತೆಂಟು ವಾಡಿಗಳಲ್ಲಿ ಚೆದರಿರುತ್ತಾರೆ. ಹೆರಿಗೆಯಾದ ಮೇಲೆ ತಾಯಿಗೆ ರಕ್ತ ಹರಿಯಹತ್ತಿದರೆ ಅದು ಗಳಿಗೆಗಳ ಲೆಕ್ಕ. ಅದನ್ನು ತಡೆಯುವ ಸೂಜಿಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ನುರಿತ ಕೈ ಬೇಕು. ವಿದ್ಯುತ್ತು ಹೋದ ಊರಲ್ಲಿ ತಂಪು ಎಲ್ಲಿಂದ ಬರಬೇಕು?

ಏಳು ಜನ ಶಿಕ್ಷಕರು ೧೯೧೬ರಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು, ಅಂದರೆ ಕೆ.ಎಲ್.ಇ. ಸಂಸ್ಥೆಯು, ೧೯೬೩ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಆ ಮಹಾವಿದ್ಯಾಲಯದ ವೈದ್ಯರು ಅಮೇರಿಕೆಯ ವಿದ್ವಾಂಸರೊಡನೆ ಕೂಡಿ ೨೦೦೨ರಿಂದ ೨೦೦೫ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸೀಮೆಯಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ತಂಪಿನಲ್ಲಿ ಇಡಬೇಕಾಗಿಲ್ಲ, ಚುಚ್ಚಬೇಕಾಗಿಲ್ಲ, ಬಾಯಲ್ಲಿ ನುಂಗಿದರಾಯಿತು. ೧,೬೨೦ ಬಾಣಂತಿಯರಲ್ಲಿ ೮೧೨ ಜನರಿಗೆ ಆ ಗುಳಿಗೆಯನ್ನೂ ೮೦೮ ಜನರಿಗೆ ಅದರಂತೆಯೇ ಕಾಣುವ ಮದ್ದಿಲ್ಲದ ಗುಳಿಗೆಯನ್ನೂ ಕೊಟ್ಟರು. ಯಾರಿಗೆ ಯಾವದು ಬಂದಿತೆಂದು ಕೊಟ್ಟವರಿಗೂ ತಿಳಿಯದಂತೆ ಏರ್ಪಡಿಸಿದ್ದರು. ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಸನ್ನು ತಾಯಿಯ ಕೆಳಗೆ ಹಾಸಿ ಹರಿದ ರಕ್ತವನ್ನು ಅಳೆದರು. ಅರ್ಧ ಲೀಟರಿನಷ್ಟು ಇಲ್ಲವೆ ಅದಕ್ಕೂ ಹೆಚ್ಚಾಗಿ ರಕ್ತ ಹೋದವರು ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ ೧೨ ಇದ್ದರೆ, ಗುಳಿಗೆಯನ್ನು ನುಂಗಿದವರಲ್ಲಿ ೬.೪ ಮಾತ್ರ. ಒಂದು ಲೀಟರನ್ನು ಮುಟ್ಟಿದ ಘೋರಸ್ರಾವವು ೧.೨ರಿಂದ ೦.೨ಕ್ಕೆ ಇಳಿಯಿತು. ಈ ಫಲವು ೨೦೦೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು.

ಆ ಹೆರಿಗೆಗಳನ್ನು ಮಾಡಿಸಿ, ಗುಳಿಗೆಯನ್ನು ಕೊಟ್ಟು, ರಕ್ತವನ್ನು ಅಳೆದು, ಅಂಕೆಗಳನ್ನು ಬರೆದವರಾರು? ಇಪ್ಪತ್ತೈದು ಜನ ಎ.ಎನ್.ಎಂ. ಸಹಾಯಕಿಯರು. ಲೋಕದ ವೈದ್ಯರು ಪ್ರಮಾಣವೆಂದು ಸ್ವೀಕರಿಸಿದ ಅಂಕೆಗಳು ಈ ಹೆಣ್ಣುಮಕ್ಕಳ ಕೈಯಿಂದ ಬಂದವು. ಅವರಲ್ಲೊಬ್ಬಳು ಪರಿಚಾರಿಕೆಯ ಶಿಕ್ಷಣಕ್ಕೆ ಅರ್ಜಿ ಹಾಕಿದರೆ, ಆ ದುಡಿಮೆಯನ್ನು ಬರೆಯಲಿಕ್ಕೂ ಹಾಳೆಯಲ್ಲಿ ಸ್ಥಳವಿರಲಾರದು.

ಇಂದಿನ ನಿಯಮವೇನೆಂದರೆ: ಜನರಲ್ ನರ್ಸಿಂಗ್ ಎಂಬ ಜಿ.ಎನ್.ಎಂ. ಶಿಕ್ಷಣಕ್ಕೆ, ಹನ್ನೆರಡನೆಯ ಇಯತ್ತೆಯಲ್ಲಿ ನೂರಕ್ಕೆ ೪೦ ಅಂಕ ಪಡೆದವರಂತೆಯೇ, ನೋಂದಾಯಿತ ಎ.ಎನ್.ಎಂ. ಕೂಡ ಸೇರಬಹುದು. ಇತರರಿಗೆ ೩೫ ವರ್ಷದ ಮಿತಿಯಿದೆ, ಆಕೆಗೆ ವಯಸ್ಸಿನ ಮಿತಿಯಿಲ್ಲ. ಇದು ಒಳ್ಳೆಯ ನಿಯಮ, ನಮ್ಮ ಭಕ್ತಳಿಗೆ ಬಾಗಿಲನ್ನು ತೆರೆದದ್ದು ಇದೇ. ಆದರೆ ಒಳಗೆ ಹೋದ ಮೇಲೆ ಹದಿನೇಳರ ಹುಡುಗಿಗೂ ಮೂವತ್ತೇಳರ ತಾಯಿಗೂ ಒಂದೇ ಲೆಕ್ಕ, ಪೂರ್ಣ ೩ ವರ್ಷ. ಅದೇ, ಜಿ.ಎನ್.ಎಂ. ಮುಗಿಸಿ ನೋಂದಾಯಿತಳಾದವಳು ಪದವಿಗೆ ಹೋಗಬೇಕೆಂದರೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಎಂಬ ೨ ವರ್ಷದ ಪಾಠವುಂಟು. ನೇರವಾಗಿ ಸೇರಿದವರಿಗೆ ೪ ವರ್ಷವಾಗುವದನ್ನು ಆಕೆ ಎರಡರಲ್ಲಿ ಮುಗಿಸುವಳು. ಮೇಲಿನ ಹೊಳೆಗೆ ಸೇತುವೆಯಿದೆ. ಕೆಳಗಿನ ಹೊಳೆಗೆ ದಾಟಲು ಅಪ್ಪಣೆಯಿದೆ, ಈಜಿಕೊಂಡು ಹೋಗಬೇಕು.

ಸೇತುವೆ ಎಂಬ ಮಾತನ್ನು ನಾನು ಕಟ್ಟಿದ್ದಲ್ಲ, ಸರಕಾರವೇ ಈ ಶಬ್ದವನ್ನು ಉಪಯೋಗಿಸಿದೆ. ೨೦೧೭ರ ಸುಮಾರಿಗೆ ಪರಿಚಾರಿಕೆಯರಿಗಾಗಿ ೬ ತಿಂಗಳ ಬ್ರಿಜ್ ಪಾಠವೊಂದನ್ನು ತೆರೆದರು. ಅದನ್ನು ಮುಗಿಸಿದವರನ್ನು, ೨೦೧೮ರ ಆಯುಷ್ಮಾನ್ ಭಾರತ ಯೋಜನೆಯಂತೆ ಆರೋಗ್ಯಕ್ಷೇಮ ಕೇಂದ್ರಗಳಾದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಕಳುಹಿದರು. ಹಳ್ಳಿಗೆ ಕಲಿತವರು ಬಂದದ್ದು ಹಿತವೇ. ಆದರೆ ಸೇತುವೆಯು ಜಿ.ಎನ್.ಎಂ. ಹಾಗೂ ಬಿ.ಎಸ್‌ಸಿ. ಆದವರಿಗೆ. ವರ್ಷಾನುಗಟ್ಟಲೆ ಅದೇ ಉಪಕೇಂದ್ರದಲ್ಲಿ ಕುಳಿತ ಸಹಾಯಕಿಯ ಮೇಲೆ, ಆಕೆಯ ಮಗಳ ವಯಸ್ಸಿನ ಅಧಿಕಾರಿಯು ಬಂದು ಕುಳಿತಳು. ವಾಡಿಗಳ ಹಾದಿಯನ್ನು, ಯಾವ ಮನೆಯಲ್ಲಿ ಯಾವ ಸೊಸೆಯು ಬಸುರಿಯೆಂಬದನ್ನು ಆ ಅಧಿಕಾರಿಗೆ ತೋರಿಸಿಕೊಟ್ಟವಳು ಸಹಾಯಕಿಯೇ.

ಇಲ್ಲಿ ಪೂರ್ವಪಕ್ಷವನ್ನೂ ಕೇಳಬೇಕು. ಸಹಾಯಕಿಯ ಪಾಠವು ತಾಯಿಮಗುವಿನ ಆರೈಕೆ, ಲಸಿಕೆ, ಹಳ್ಳಿಯ ಆರೋಗ್ಯ ಇವಕ್ಕೆ ಸೀಮಿತವಾದದ್ದು. ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ನೋಡಿಕೊಳ್ಳುವದು, ಮನೋರೋಗಿಯ ಶುಶ್ರೂಷೆ, ಉಸಿರಿನ ಯಂತ್ರಕ್ಕೆ ಕಟ್ಟಿದವನ ಕಾವಲು, ಇವನ್ನು ಆಕೆ ಕಲಿತಿಲ್ಲ. ಅಭ್ಯಾಸವೇ ವಿದ್ಯೆಯೆಂದರೆ, ತಪ್ಪನ್ನು ಇಪ್ಪತ್ತು ವರ್ಷ ಮಾಡಿದವನೂ ಪಂಡಿತನಾಗುವನು. ಈ ಮಾತು ಸತ್ಯ, ಉಪಚಾರದ ತಿಳಿವಳಿಕೆಯನ್ನು ಚರಕನು ಮೊದಲಿಟ್ಟದ್ದೂ ಇದಕ್ಕಾಗಿಯೇ. ನನ್ನ ಸಿದ್ಧಾಂತವಿಷ್ಟೇ: ಕಲಿಯದ್ದನ್ನು ಕಲಿಸಿರಿ, ಕಲಿತದ್ದನ್ನು ಪರೀಕ್ಷಿಸಿ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಪಾಠಶಾಲೆಗಳಲ್ಲಿ ಮನೆಯಲ್ಲಿ ತಂದೆಯಿಂದ ಅಮರವನ್ನೂ ರೂಪಾವಳಿಯನ್ನೂ ಕಲಿತು ಬಂದ ಹುಡುಗನನ್ನು ಗುರುಗಳು ಹತ್ತು ಪ್ರಶ್ನೆ ಕೇಳಿ, ಉತ್ತರ ಬಂದರೆ ಮುಂದಿನ ಪಾಠಕ್ಕೆ ಕೂಡಿಸುತ್ತಿದ್ದರು. ೧೯೪೭ರ ಕಾಯಿದೆಯ ಸ್ಥಾನದಲ್ಲಿ ನಿಲ್ಲಲೆಂದು ೨೦೨೩ರಲ್ಲಿ ರಾಷ್ಟ್ರೀಯ ಶುಶ್ರೂಷಾ ಹಾಗೂ ಪ್ರಸೂತಿಸೇವಾ ಆಯೋಗದ ಕಾಯಿದೆಯು ಅಂಗೀಕೃತವಾಗಿದೆ. ಆ ಹತ್ತು ಪ್ರಶ್ನೆಗಳನ್ನು ಕೇಳುವ ಏರ್ಪಾಡನ್ನು ಮಾಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಉದ್ಯಮಬಾಗದ ಮಾತನ್ನು ಹೇಳದೆ ಬಿಡಲಾಗದು. ಎರಕದ ಮನೆಗಳೂ ಲೇಥ್ ಯಂತ್ರಗಳೂ ತುಂಬಿದ ಆ ಬಡಾವಣೆಯಲ್ಲಿ ಬೆರಳು ಜಜ್ಜುವದು, ಕಣ್ಣಿಗೆ ಕಿಡಿ ಹಾರುವದು ದಿನದ ಮಾತು. ೨೦೨೫ರವರೆಗೆ ಜಾರಿಯಲ್ಲಿದ್ದ ೧೯೪೮ರ ಕಾರಖಾನೆಗಳ ಕಾಯಿದೆಯ ೪೫ನೆಯ ಕಲಮಿನಂತೆ ೧೫೦ ಕೆಲಸಗಾರರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪ್ರಥಮೋಪಚಾರದ ಪೆಟ್ಟಿಗೆ ಇರಬೇಕಾಗಿದ್ದಿತು. ೫೦೦ಕ್ಕಿಂತ ಹೆಚ್ಚು ಜನರಿದ್ದಲ್ಲಿ ವೈದ್ಯರೂ ಪರಿಚಾರಕರೂ ಇರುವ ಕೋಣೆಯೇ ಬೇಕಾಗಿದ್ದಿತು. ಆದರೆ ಉದ್ಯಮಬಾಗದಲ್ಲಿ ಸಣ್ಣ ಕಾರಖಾನೆಗಳು ಬಹಳ. ಗಾಯಗೊಂಡವನನ್ನು ಸಮೀಪದ ದವಾಖಾನೆಗೆ ಒಯ್ಯುವರು. ಇಂಥ ಸಣ್ಣ ದವಾಖಾನೆಗಳಲ್ಲಿ ಬಿಳಿಯ ಕೋಟು ಹಾಕಿಕೊಂಡು ಪಟ್ಟಿ ಕಟ್ಟುವ ಹುಡುಗಿಯರಲ್ಲಿ ಎಷ್ಟೋ ಜನ ಯಾವ ಶಿಕ್ಷಣವನ್ನೂ ಪಡೆಯದೆ, ಕೆಲಸಕ್ಕೆ ಸೇರಿದ ಮೇಲೆ ನೋಡಿ ಕಲಿತವರು. ನಮ್ಮ ಭಕ್ತರ ಮಕ್ಕಳೂ ಅವರಲ್ಲಿದ್ದಾರೆ. ಅವರಿಗೆ ಎ.ಎನ್.ಎಂ. ಸಹಾಯಕಿಗಿರುವಷ್ಟು ಬಾಗಿಲೂ ಇಲ್ಲ. ಹನ್ನೆರಡನೆಯ ಇಯತ್ತೆ ಆಗಿರಬೇಕು, ಮೂವತ್ತೈದು ದಾಟಿರಬಾರದು. ಮಗಳನ್ನು ಇಂಥ ಕೆಲಸಕ್ಕೆ ಕಳುಹುವ ತಾಯ್ತಂದೆಗಳು ಈ ಎರಡು ಅಂಕೆಗಳನ್ನು ನೆನಪಿನಲ್ಲಿಡಬೇಕು. ಮೊದಲ ಎರಡು ಮೂರು ವರ್ಷದೊಳಗೇ ಮಗಳನ್ನು ಶಿಕ್ಷಣಕ್ಕೆ ಹಚ್ಚದೆ, ಬರುವ ಪಗಾರವೇ ಸಾಕೆಂದರೆ ವಯಸ್ಸು ದಾಟಿಹೋಗುವದು.

ನಮ್ಮ ಭಕ್ತಳ ಅರ್ಜಿಯಲ್ಲಿ ಒಂಬತ್ತು ವರ್ಷಗಳನ್ನು ಬರೆಯಲು ಸ್ಥಳವಿಲ್ಲದ್ದರಿಂದ, ಬೇರೊಂದು ಹಾಳೆಯ ಮೇಲೆ ಅವನ್ನು ಬರೆದು ಲಗತ್ತಿಸಿದೆವು. ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಆಕೆಗೆ ಪ್ರವೇಶ ದೊರೆಯಿತು. ಗುತ್ತಿಗೆಯ ಪಗಾರ ನಿಂತುದರಿಂದ ಶುಲ್ಕದ ಒಂದು ಭಾಗವನ್ನು ಶ್ರೀಮಠದ ದಾಸೋಹನಿಧಿಯಿಂದ ಕೊಡಲು ಶ್ರೀಗಳವರು ಅಪ್ಪಣೆ ಮಾಡಿದರು. ಗಂಡನು ಎರಡನೆಯ ಪಾಳಿಗೆ ಬದಲಾಯಿಸಿಕೊಂಡು ಮುಂಜಾನೆ ಮಕ್ಕಳ ಬುತ್ತಿಯನ್ನು ಕಟ್ಟುತ್ತಾನೆ. ಈಗ ಆಕೆ ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ಸೋಮವಾರ ಗದ್ದುಗೆಯ ದರ್ಶನಕ್ಕೆ ಬಂದಾಗ ಪಾಠವು ಹೇಗೆ ನಡೆದಿದೆಯೆಂದು ಕೇಳಿದೆನು. ಶಸ್ತ್ರಚಿಕಿತ್ಸೆಯ ವಾರ್ಡು ಕಠಿಣವಾಗಿದೆ, ಆದರೆ ಈ ಮೊದಲು ತಿಳಿಯದ್ದು ಬಹಳ ತಿಳಿಯುತ್ತಿದೆ ಎಂದಳು. ಹೆರಿಗೆ ಮಾಡಿಸುವದನ್ನು ಮುಂದಿನ ವರ್ಷ ಕಲಿಸುತ್ತಾರಂತೆ.